ಅಕ್ಕಿ, ಅರಿಸಿ, ಒರುಜ: ಒಂದು ಪದನಿಷ್ಪತ್ತಿಯ ವಿಮರ್ಶೆ

ಇಂಗ್ಲಿಷಿನ ರೈಸ್, ಫ್ರೆಂಚಿನ ರೀ, ಇಟಾಲಿಯನ್ನಿನ ರೀಸೊ, ಜರ್ಮನಿನ ರೈಸ್, ರಷ್ಯನ್ ಭಾಷೆಯ ರೀಸ್, ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳ ಅರ್ರೋಜ್ ಎಂಬ ಶಬ್ದಗಳನ್ನು ಒಂದೆಡೆ ಇಟ್ಟು ನೋಡಿದರೆ, ಇವೆಲ್ಲವೂ ಒಂದೇ ಮೂಲದಿಂದ ಹೊರಟವೆಂಬುದು ಶಬ್ದಶಾಸ್ತ್ರವನ್ನು ಅಭ್ಯಾಸಮಾಡದವರಿಗೂ ಹೊಳೆಯುತ್ತದೆ. ಗ್ರೀಕರ ಒರುಜ ಎಂಬ ಶಬ್ದವನ್ನು ರೋಮನರು ಲ್ಯಾಟಿನ್ನಿಗೆ ತೆಗೆದುಕೊಂಡರು. ಅಲ್ಲಿಂದ ಅದು ಇಟಲಿಗೂ ಫ್ರಾನ್ಸಿಗೂ, ಫ್ರಾನ್ಸಿನಿಂದ ಇಂಗ್ಲೆಂಡಿಗೂ ನಡೆದುಹೋಯಿತು. ಸ್ಪೇನ್ ಪೋರ್ಚುಗಲ್ಲುಗಳಿಗೆ ಅದು ಅರಬ್ಬರ ಮೂಲಕ ಬಂದಿತು; ಅರಬ್ಬಿಯ ರುಜ್ ಎಂಬುದರ ಹಿಂದಿನ ನಿರ್ದೇಶಕ ಶಬ್ದವು ಅದರೊಡನೆ ಬೆಸೆದುಕೊಂಡು ಅರ್ರೋಜ್ ಎಂಬ ರೂಪವಾಯಿತು. 1753ರಲ್ಲಿ ಲಿನೇಯಸನು ಈ ಸಸ್ಯಕ್ಕೆ ಶಾಸ್ತ್ರೀಯ ನಾಮವನ್ನು ಕೊಟ್ಟಾಗಲೂ ಆ ಹಳೆಯ ಗ್ರೀಕ್ ಶಬ್ದವನ್ನೇ ಕುಲನಾಮವಾಗಿ ಆರಿಸಿಕೊಂಡನು. ಇಷ್ಟರಮಟ್ಟಿಗೆ ವಿವಾದವಿಲ್ಲ. ಗ್ರೀಕರಿಗೆ ಈ ಶಬ್ದ ಎಲ್ಲಿಂದ ಬಂದಿತೆಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ದಕ್ಷಿಣ ಭಾರತದಲ್ಲಿ ಬಹುಕಾಲದಿಂದ ಪ್ರಚಾರದಲ್ಲಿರುವ ಉತ್ತರವು, ಒರುಜವು ತಮಿಳಿನ ಅರಿಸಿಯಿಂದ ಹುಟ್ಟಿತೆಂಬುದು. 1856ರಲ್ಲಿ ಪ್ರಕಟವಾದ ದ್ರಾವಿಡ ಭಾಷೆಗಳ ತುಲನಾತ್ಮಕ ವ್ಯಾಕರಣದ ಕರ್ತೃವಾದ ಕಾಲ್ಡ್‌ವೆಲ್ಲರ ಹೆಸರಿನ ಬಲವೂ ಈ ಮತಕ್ಕೆ ಒದಗಿತು. ಅರಿಸಿಯೂ ಕನ್ನಡದ ಅಕ್ಕಿಯೂ ಸೋದರ ಶಬ್ದಗಳಾದುದರಿಂದ, ನಮ್ಮವರು ಇನ್ನೊಂದು ಹೆಜ್ಜೆ ಮುಂದಿಟ್ಟು, ಯುರೋಪಿನ ರೈಸ್ ನಮ್ಮ ಅಕ್ಕಿಯ ಮಗುವೆಂದು ಹೇಳತೊಡಗಿದರು. ಸಭೆಗಳ ಭಾಷಣದಲ್ಲಿಯೂ ತರಗತಿಯ ಪಾಠದಲ್ಲಿಯೂ ಈ ಮಾತು ಇಂದಿಗೂ ಕೇಳಿಬರುತ್ತದೆ. ಈ ಲೇಖಕನೇ ತನ್ನ ಅಧ್ಯಾಪನದ ಮೊದಲ ವರ್ಷಗಳಲ್ಲಿ ಇದನ್ನು ನಿಸ್ಸಂದೇಹವಾಗಿ ಬೋಧಿಸಿದನೆಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುವುದು ಉಚಿತ. ಅನಂತರ ಒಂದು ಉತ್ತರಪತ್ರಿಕೆಯಲ್ಲಿ, ರೈಸ್ ಎಂಬುದು ಅಕ್ಕಿಯಿಂದ ಬಂದಿರುವ ಕಾರಣ ಗ್ರೀಕರು ಅನ್ನ ಉಣ್ಣುವುದನ್ನು ಕಪಿಲೆಯ ದಡದವರಿಂದಲೇ ಕಲಿತರೆಂಬ ವಾಕ್ಯವನ್ನು ಓದಬೇಕಾಗಿ ಬಂದಿತು. ಆ ತರ್ಕಕ್ಕೆ ಹೊಣೆ ಬರೆದ ವಿದ್ಯಾರ್ಥಿಯದಲ್ಲ, ಪಾಠ ಹೇಳಿದವನದು. ಆ ಹೊಣೆಯನ್ನು ತೀರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಒಂದು ಶಬ್ದವು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಯಿತೆಂದು ಹೇಳಬೇಕಾದರೆ ನಾಲ್ಕು ವಿಷಯಗಳನ್ನು ಪರಿಶೀಲಿಸಬೇಕಾಗುತ್ತದೆ: ಅದು ಯಾವಾಗ ಹೋಯಿತು, ಯಾವ ದಾರಿಯಲ್ಲಿ ಹೋಯಿತು, ಅದರ ಧ್ವನಿಗಳು ಯಾವ ಕ್ರಮದಲ್ಲಿ ಮಾರ್ಪಟ್ಟವು, ಅದರ ಅರ್ಥವು ಎರಡು ಕಡೆಯೂ ಹೊಂದುತ್ತದೆಯೆ ಎಂಬುವು. ಕೇವಲ ಉಚ್ಚಾರಣೆಯ ಹೋಲಿಕೆಯು ಪ್ರಮಾಣವಾಗಲಾರದು. ಇದಕ್ಕೆ ದೂರದ ನಿದರ್ಶನ ಬೇಕಾಗಿಲ್ಲ. ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಗಳ ಶಾಸನಗಳನ್ನು ಒಳಗೊಂಡ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟವನ್ನು 1894ರಲ್ಲಿ ಪ್ರಕಟಿಸಿ ನಮ್ಮನ್ನು ಋಣಿಗಳನ್ನಾಗಿ ಮಾಡಿದವರು ಬೆಂಜಮಿನ್ ಲೂಯಿ ರೈಸ್. ರೈಸ್ ಎಂಬ ಮನೆತನದ ಹೆಸರು ಸಾಮಾನ್ಯವಾಗಿ ವೇಲ್ಸ್ ದೇಶದ ರೀಸ್ ಎಂಬ ಪುರುಷನಾಮದ ಇಂಗ್ಲಿಷ್ ರೂಪ. ಧಾನ್ಯದ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ. ಅಕ್ಷರಶಃ ಒಂದೇ ಆಗಿರುವ ಎರಡು ಶಬ್ದಗಳೇ ಹೀಗೆ ಪರಸ್ಪರ ಅಪರಿಚಿತವಾಗಿರಬಹುದಾದರೆ, ಅರಿಸಿ ಒರುಜಗಳ ಹೋಲಿಕೆಯನ್ನು ಕಂಡಮಾತ್ರಕ್ಕೆ ನಂಬುವುದು ಹೇಗೆ?

ಮೊದಲು ಕಾಲವನ್ನು ನೋಡೋಣ. ಅರಿಸಿಯ ವಾದವು ತಮಿಳು ಕೇರಳ ತೀರಗಳಿಗೂ ಗ್ರೀಕ್ ರೋಮನ್ ಜಗತ್ತಿಗೂ ಇದ್ದ ಸಮುದ್ರವ್ಯಾಪಾರವನ್ನು ಆಶ್ರಯಿಸಿದೆ. ಆ ವ್ಯಾಪಾರ ನಡೆಯಿತೆಂಬುದರಲ್ಲಿ ಸಂದೇಹವಿಲ್ಲ. ಕ್ರಿ. ಶ. ಒಂದನೆಯ ಶತಮಾನದ ಪೆರಿಪ್ಲಸ್ ಎಂಬ ನಾವಿಕರ ಕೈಪಿಡಿಯು ಲಿಮಿರಿಕೆಯ, ಎಂದರೆ ಮಲಬಾರ್ ತೀರದ, ಕಡೆಯಿಂದಲೂ ಭರುಕಚ್ಛದಿಂದಲೂ ಹೊರಟ ಹಡಗುಗಳು ಸೊಕೋತ್ರ ದ್ವೀಪಕ್ಕೆ ಅಕ್ಕಿಯನ್ನು ಒಯ್ಯುತ್ತಿದ್ದುದನ್ನು ಹೇಳುತ್ತದೆ. ಈಜಿಪ್ಟಿನ ಕೆಂಪುಸಮುದ್ರ ತೀರದ ಬೆರೆನಿಕೆಯ ಉತ್ಖನನಗಳಲ್ಲಿ ಭಾರತದ ಮೆಣಸಿನೊಡನೆ ಅಕ್ಕಿಯೂ ದೊರೆತಿದೆ. ಆದರೆ ಮುಂಗಾರು ಗಾಳಿಯನ್ನು ನೆಚ್ಚಿ ಗ್ರೀಕರ ಹಡಗುಗಳು ನೇರವಾಗಿ ಮುಚಿರಿಪಟ್ಟಣದ ಕಡೆಗೆ ಹೇರಳವಾಗಿ ಬರತೊಡಗಿದುದು, ಕ್ರಿ. ಪೂ. 30ರಲ್ಲಿ ಈಜಿಪ್ಟು ರೋಮಿನ ವಶವಾದ ಮೇಲೆ. ಒರುಜ ಎಂಬ ಶಬ್ದವಾದರೋ ಅದಕ್ಕೆ ಎರಡೂವರೆ ಶತಮಾನಗಳಿಗೂ ಹಿಂದೆಯೇ ಗ್ರೀಕ್ ಗ್ರಂಥಗಳಲ್ಲಿ ನೆಲೆಗೊಂಡಿತ್ತು. ಅರಿಸ್ಟಾಟಲನ ಶಿಷ್ಯನೂ ಸಸ್ಯಶಾಸ್ತ್ರದ ಪಿತಾಮಹನೆಂದು ಪ್ರಸಿದ್ಧನೂ ಆದ ಥಿಯೋಫ್ರಾಸ್ಟಸನು ತನ್ನ ಸಸ್ಯಚರಿತ್ರೆಯಲ್ಲಿ ಭಾರತೀಯರು ಎಲ್ಲಕ್ಕಿಂತ ಹೆಚ್ಚಾಗಿ ಬಿತ್ತುವ ಬೆಳೆ ಇದೆಂದು ತಿಳಿಸಿ, ಆ ಗಿಡವು ಬಹುಕಾಲ ನೀರಿನಲ್ಲಿ ನಿಲ್ಲುತ್ತದೆಂಬುದನ್ನೂ ಅದರ ಕಾಳನ್ನು ಬೇಯಿಸಿ ಉಣ್ಣುತ್ತಾರೆಂಬುದನ್ನೂ ವರ್ಣಿಸಿದ್ದಾನೆ. ಅವನು ಕ್ರಿ. ಪೂ. ಮೂರನೆಯ ಶತಮಾನದ ಆದಿಭಾಗದಲ್ಲಿ ತೀರಿಕೊಂಡನು. ಆದುದರಿಂದ ಮುಚಿರಿಯ ಹಡಗುಗಳು ಈ ಶಬ್ದವನ್ನು ಗ್ರೀಸಿಗೆ ತಂದವೆನ್ನುವುದು, ಮಗನ ಮದುವೆಯಲ್ಲಿ ತಂದೆಗೆ ನಾಮಕರಣ ಮಾಡಿದಂತಾಗುತ್ತದೆ.

ಇನ್ನು ದಾರಿ. ಥಿಯೋಫ್ರಾಸ್ಟಸನಿಗೆ ಭಾರತದ ಸಸ್ಯಗಳ ವಿಷಯ ತಿಳಿದುದು ಮುಖ್ಯವಾಗಿ ಅಲೆಕ್ಸಾಂಡರನ ದಂಡಿನೊಡನೆ ಹೋದವರ ಬರವಣಿಗೆಗಳಿಂದ. ಆ ದಂಡು ಕ್ರಿ. ಪೂ. 327ರಿಂದ 325ರ ವರೆಗೆ ತಿರುಗಾಡಿದುದು ಗಾಂಧಾರ, ಪಂಜಾಬ್, ಸಿಂಧೂ ನದಿಗಳ ಪ್ರದೇಶದಲ್ಲಿ. ವಿಂಧ್ಯದ ದಕ್ಷಿಣದಲ್ಲಿ ಅಲ್ಲ. ಅದೇ ದಂಡಿನಲ್ಲಿದ್ದ ಅರಿಸ್ಟೊಬುಲಸನ ಹೇಳಿಕೆಯನ್ನು ಭೂಗೋಳಕಾರನಾದ ಸ್ಟ್ರೇಬೊ ನಮಗಾಗಿ ಉಳಿಸಿಕೊಟ್ಟಿದ್ದಾನೆ. ಕಟ್ಟಿ ನಿಲ್ಲಿಸಿದ ನೀರಿನಲ್ಲಿ, ಪಾತಿಗಳಲ್ಲಿ ಈ ಬೆಳೆ ನಿಲ್ಲುತ್ತದೆಂದು ಹೇಳಿದ ಮೇಲೆ, ಅದು ಬಾಹ್ಲಿಕ ದೇಶದಲ್ಲಿಯೂ ಬ್ಯಾಬಿಲೋನಿನಲ್ಲಿಯೂ ಸೂಸ ಪ್ರಾಂತದಲ್ಲಿಯೂ ಬೆಳೆಯುತ್ತದೆಂದು ಅರಿಸ್ಟೊಬುಲಸನು ಸೇರಿಸಿದನಂತೆ. ಈ ವಾಕ್ಯವು ನಮ್ಮ ಪ್ರಶ್ನೆಗೆ ದಾರಿದೀಪದಂತಿದೆ. ಧಾನ್ಯವು ಗಾಂಧಾರದಿಂದ ಇರಾನಿನ ಮೂಲಕ ಪಶ್ಚಿಮಕ್ಕೆ ನೆಲದ ಮೇಲೆಯೇ ಸಾಗಿತ್ತು. ಬೆಳೆಯೊಡನೆ ಹೆಸರೂ ಸಾಗಿತೆನ್ನುವುದು ಸಹಜ.

ಆ ದಾರಿಯಲ್ಲಿ ನಿಂತಿರುವ ಭಾಷೆಗಳಲ್ಲಿ ಈ ಹೆಸರಿನ ಗುರುತುಗಳು ಇಂದಿಗೂ ಇವೆ. ಸಂಸ್ಕೃತದಲ್ಲಿ ವ್ರೀಹಿ, ಗಾಂಧಾರದ ನೆಲದಲ್ಲಿಯೇ ಈಗಲೂ ಆಡುವ ಪಶ್ತೋ ಭಾಷೆಯಲ್ಲಿ ವ್ರಿಜೆ, ಪಾರಸಿಯಲ್ಲಿ ಬಿರಿಂಜ್. ಸಂಸ್ಕೃತದ ಹಕಾರವಿರುವೆಡೆ ಇರಾನೀ ಭಾಷೆಗಳಲ್ಲಿ ಜಕಾರದಂತಹ ಧ್ವನಿ ಬರುವುದು ಶಬ್ದಶಾಸ್ತ್ರದಲ್ಲಿ ಸುಪರಿಚಿತವಾದ ಸಂಗತಿ. ಸಂಸ್ಕೃತದ ಹಿರಣ್ಯವು ಅವೆಸ್ತದಲ್ಲಿ ಜರನ್ಯವಾಗಿದೆ. ಆಥೆನ್ಸಿನ ಗ್ರೀಕರ ನಾಲಗೆಯಲ್ಲಿ ವಕಾರವು ಆ ಕಾಲಕ್ಕೆ ಲೋಪವಾಗಿತ್ತು; ಪರಭಾಷೆಯ ವಕಾರವನ್ನು ಅವರು ಒಂದು ಸ್ವರದಿಂದ ತುಂಬಿಕೊಳ್ಳಬೇಕಾಗಿತ್ತು. ವ್ರಿಜ್ ಎಂಬಂತಹ ಪೂರ್ವ ಇರಾನಿನ ಒಂದು ರೂಪವು ಗ್ರೀಕಿನಲ್ಲಿ ಒರುಜವಾಗುವುದಕ್ಕೆ ಇದಕ್ಕಿಂತ ಹೆಚ್ಚಿನ ಒತ್ತಾಯ ಬೇಕಾಗುವುದಿಲ್ಲ. ಅರಿಸಿಯಿಂದ ಹೊರಟರೆ, ಮೊದಲಿನ ಅಕಾರವು ಒಕಾರವಾದುದಕ್ಕೂ, ನಡುವಿನ ಇಕಾರವು ಉಕಾರವಾದುದಕ್ಕೂ, ಚಕಾರ ಸಕಾರಗಳ ನಡುವಿನ ಧ್ವನಿಯು ಜಕಾರವಾದುದಕ್ಕೂ ಪ್ರತ್ಯೇಕವಾಗಿ ಕಾರಣ ಹುಡುಕಬೇಕು. ಕನ್ನಡದ ಮತ್ತು ಕೊಡವರ ಭಾಷೆಯ ಅಕ್ಕಿಯಿಂದ ಹೊರಡುವುದಂತೂ ಅಸಾಧ್ಯ. ಅದರ ಒತ್ತಕ್ಷರದ ಕಕಾರಕ್ಕೆ ಗ್ರೀಕಿನಲ್ಲಿ ನೆಲೆಯೇ ಇಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ನ್ಯಾಯವಾಗಿ ಪರಿಗಣಿಸಬೇಕು. ಅಲೆಕ್ಸಾಂಡರನಿಗಿಂತ ಹಿಂದೆಯೇ ದಕ್ಷಿಣದ ಹಡಗುಗಳು ಪಾರಸಿ ಕೊಲ್ಲಿಗೆ ಹೋಗಿರಬಾರದೇಕೆ, ಅಲ್ಲಿಂದ ಅರಿಸಿಯು ಬ್ಯಾಬಿಲೋನಿಗೆ ಸೇರಿರಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಹೋಗಿರಬಾರದೆಂದು ನಾವು ಹೇಳುವುದಿಲ್ಲ. ಆದರೆ ಸಾಧ್ಯತೆಯು ಸಾಕ್ಷ್ಯವಲ್ಲ. ಒಂದು ಕಡೆ ಕಾಲ, ದಾರಿ, ಧ್ವನಿ ಮೂರೂ ಹೊಂದುವ ಶಬ್ದವಿರುವಾಗ, ಇನ್ನೊಂದು ಕಡೆ ಕೇವಲ ಹೋಗಿರಬಹುದಾದ ಹಡಗನ್ನು ನೆಚ್ಚುವುದು ಚರಿತ್ರಕಾರನಿಗೆ ತಕ್ಕುದಲ್ಲ.

ನಾಲ್ಕನೆಯದಾದ ಅರ್ಥದ ಪರೀಕ್ಷೆಯು ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ಅದಕ್ಕೆ ಗ್ರೀಸಿಗಿಂತ ತಾಂಡವಪುರದ ಸುತ್ತಲಿನ ಗದ್ದೆಬಯಲೇ ಹೆಚ್ಚು ಉಪಕಾರಿ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿರುವ ಈ ಗ್ರಾಮದ ಆಚೆಗೆ ಕಪಿಲೆಯ ಹುಲ್ಲಹಳ್ಳಿ, ರಾಮಪುರ ನಾಲೆಗಳ ಬಯಲೂ, ಇನ್ನೂ ಕೆಳಗೆ ಕಾವೇರಿಯ ಮೇಲೆ ತಲಕಾಡಿನ ಸಮೀಪದ ಮಾಧವಮಂತ್ರಿ ಕಟ್ಟೆಯ ಬಯಲೂ ಹಬ್ಬಿವೆ. ಇಲ್ಲಿಯ ಒಕ್ಕಲಿಗನನ್ನು ಈ ಸಲ ಏನು ನಾಟಿಮಾಡಿದಿರಿ ಎಂದು ಕೇಳಿದರೆ ಅಕ್ಕಿಯೆಂದು ಎಂದಿಗೂ ಹೇಳನು, ಭತ್ತವೆಂದೇ ಹೇಳುವನು. ಗಿರಣಿಗೆ ಹೋಗುವುದು ಭತ್ತ. ಅಲ್ಲಿಂದ ಬರುವುದು ಅಕ್ಕಿ, ನುಚ್ಚು, ತವುಡು, ಹೊಟ್ಟು. ಎಸರಿಗೆ ಬೀಳುವುದು ಅಕ್ಕಿ. ಎಲೆಗೆ ಬಡಿಸುವುದು ಅನ್ನ. ಯುರೋಪಿನವನಿಗೆ ಗದ್ದೆಯಲ್ಲಿ ನಿಂತುದೂ ಚೀಲದಲ್ಲಿರುವುದೂ ತಟ್ಟೆಯಲ್ಲಿರುವುದೂ ಒಂದೇ ರೈಸ್. ನಮ್ಮಲ್ಲಿ ಅಕ್ಕಿಯೆಂಬುದು ಗಿಡದ ಹೆಸರೇ ಅಲ್ಲ. ಸಿಪ್ಪೆ ಬಿಡಿಸಿದ ಕಾಳಿನ ಸ್ಥಿತಿಯ ಹೆಸರು. ಆದುದರಿಂದಲೇ ನವಣೆಯಕ್ಕಿ, ಸಾಮೆಯಕ್ಕಿ, ಹಾರಕದಕ್ಕಿ, ಬಿದಿರಕ್ಕಿ ಎಂಬ ಮಾತುಗಳು ನಮಗೆ ವಿಚಿತ್ರವಾಗಿ ಕೇಳಿಸುವುದಿಲ್ಲ. ತಮಿಳಿನಲ್ಲಿಯೂ ಹೀಗೆಯೇ: ಗದ್ದೆಯಲ್ಲಿರುವುದು ನೆಲ್, ಕುಟ್ಟಿದ ಮೇಲೆ ಅರಿಸಿ, ಬೆಂದ ಮೇಲೆ ಸೋರು, ತೆನೆಗೂ ಹಾರಕಕ್ಕೂ ಅರಿಸಿಯೆಂಬ ಮಾತು ಸಲ್ಲುತ್ತದೆ.

ಥಿಯೋಫ್ರಾಸ್ಟಸ್ ಮತ್ತು ಅರಿಸ್ಟೊಬುಲಸರು ಒರುಜವೆಂದು ಕರೆದುದು ಯಾವುದನ್ನು? ನೀರಿನಲ್ಲಿ ನಿಂತಿರುವ, ಎಲೆಯುಳ್ಳ, ತೆನೆಬಿಡುವ ಬೆಳೆಯನ್ನು. ಸಿಪ್ಪೆ ತೆಗೆಯುವ ಕೆಲಸವನ್ನು ಅವರು ಆ ಬೆಳೆಗೆ ಅನಂತರ ನಡೆಯುವ ಸಂಸ್ಕಾರವೆಂದೇ ಹೇಳುತ್ತಾರೆ. ಇದು ಭತ್ತದ ಮಾತು, ಅಕ್ಕಿಯ ಮಾತಲ್ಲ. ಸಂಸ್ಕೃತದ ವ್ರೀಹಿಯು ಮುಖ್ಯವಾಗಿ ಹೀಗೆಯೇ ಬೆಳೆಯ ಹೆಸರು. ಕನ್ನಡ ಶಾಲೆಯ ಮಕ್ಕಳೆಲ್ಲರೂ ಬಾಯಿಪಾಠಮಾಡುವ ಬಹುವ್ರೀಹಿ ಎಂಬ ಸಮಾಸದ ಹೆಸರಿಗೆ ಬಹಳ ಭತ್ತವುಳ್ಳವನು ಎಂದು ಅರ್ಥ. ಆ ಪಾರಿಭಾಷಿಕ ಶಬ್ದವನ್ನು ಬಳಸಿದ ಪಾಣಿನಿಯು ವ್ರೀಹಿ ಬೆಳೆಯುವ ಹೊಲಕ್ಕೂ ಶಾಲಿ ಬೆಳೆಯುವ ಹೊಲಕ್ಕೂ ಬೇರೆ ಬೇರೆ ಹೆಸರುಗಳನ್ನು ಸಾಧಿಸಿ ತೋರಿಸಿದ್ದಾನೆ. ಅವನ ಊರಾದ ಶಲಾತುರವು ಗಾಂಧಾರದಲ್ಲಿಯೇ ಇದ್ದಿತು. ಅಲೆಕ್ಸಾಂಡರನ ದಂಡು ನಡೆದುಹೋದ ನೆಲದಲ್ಲಿ ಆ ಶಬ್ದವು ದಿನಬಳಕೆಯದಾಗಿತ್ತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಏಕೆ?

ಹೀಗೆ ಹೇಳಿದುದರಿಂದ ದಕ್ಷಿಣದ ಭಾಷೆಗಳು ಯುರೋಪಿಗೆ ಏನನ್ನೂ ಕೊಡಲಿಲ್ಲವೆಂದು ತಿಳಿಯಬಾರದು. ಮೇಲಿನ ಪರೀಕ್ಷೆಗಳಲ್ಲಿ ಉತ್ತೀರ್ಣವಾಗುವ ಶಬ್ದಗಳುಂಟು. 1498ರಲ್ಲಿ ವಾಸ್ಕೊ ಡ ಗಾಮನು ಕಲ್ಲಿಕೋಟೆಗೆ ಬಂದ ಮೇಲೆ ಪೋರ್ಚುಗೀಸರು ಮಲಯಾಳಂ ಆಡುವವರ ಬಾಯಿಂದ ಅಡಕೆಯ ಹೆಸರನ್ನೂ ತೇಗದ ಹೆಸರನ್ನೂ ಹಲಸಿನ ಹೆಸರನ್ನೂ ಎತ್ತಿಕೊಂಡರು. ಅವರ ಅರೆಕ, ತೇಕ, ಜಾಕ ಎಂಬ ಶಬ್ದಗಳು ಅನಂತರ ಇತರ ಯುರೋಪಿಯನ್ ಭಾಷೆಗಳಿಗೆ ಹರಡಿದವು. ಇಲ್ಲಿ ಕಾಲ, ದಾರಿ, ಧ್ವನಿ, ಅರ್ಥ ನಾಲ್ಕೂ ಸ್ಪಷ್ಟ. ಕನ್ನಡದ ಅಡಕೆ, ತೇಗಗಳು ಅವುಗಳ ನಿಜವಾದ ನೆಂಟರು. ಇನ್ನೂ ಪ್ರಾಚೀನವಾದ ನಿದರ್ಶನ ಶುಂಠಿಯದು. ಗ್ರೀಕಿನ ಜಿಂಗಿಬೆರಿಸ್, ಪಾಲಿಯ ಸಿಂಗಿವೇರ ಇವುಗಳ ಹಿಂದೆ ತಮಿಳಿನ ಇಂಜಿ ಎಂಬುದೂ ಬೇರು ಎಂಬರ್ಥದ ವೇರ್ ಎಂಬುದೂ ಇವೆಯೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ಕೊಂಬಿನ ಆಕಾರವುಳ್ಳದ್ದೆಂಬ ಅರ್ಥ ಬರುವಂತೆ ಸಂಸ್ಕೃತದಲ್ಲಿ ಶೃಂಗವೇರವೆಂದು ತಿದ್ದಿಕೊಂಡುದು ಆಮೇಲಿನ ಕೆಲಸ.

ಇವುಗಳ ಎದುರಿಗೆ ಮೆಣಸನ್ನು ಇಟ್ಟು ನೋಡಬೇಕು. ರೋಮಿಗೆ ಹೋದ ಕರಿಮೆಣಸು ಬೆಳೆದುದು ಪಶ್ಚಿಮಘಟ್ಟದಲ್ಲಿ, ಹಡಗೇರಿದುದು ಮಲಬಾರಿನಲ್ಲಿ. ಆದರೂ ಗ್ರೀಕರು ಅದನ್ನು ಕರೆದುದು ಪೆಪೆರಿ ಎಂದು. ಅದು ಸಂಸ್ಕೃತದ ಪಿಪ್ಪಲಿ, ನಮ್ಮ ಹಿಪ್ಪಲಿ. ತಮಿಳಿನ ಮಿಳಗಿನದಾಗಲಿ ಕನ್ನಡದ ಮೆಣಸಿನದಾಗಲಿ ಸುಳಿವು ಅದರಲ್ಲಿಲ್ಲ. ಉತ್ತರದ ಹಿಪ್ಪಲಿಯೊಡನೆ ನೆಲದ ದಾರಿಯಲ್ಲಿ ಮೊದಲೇ ಬಂದು ನೆಲೆಸಿದ್ದ ಹೆಸರನ್ನೇ ದಕ್ಷಿಣದ ಮೆಣಸಿಗೂ ಅವರು ಸಲ್ಲಿಸಿದರು. ಸರಕು ಒಂದು ದಾರಿಯಲ್ಲಿ ಬರಬಹುದು, ಹೆಸರು ಬೇರೊಂದು ದಾರಿಯಲ್ಲಿ. ಬೆರೆನಿಕೆಯಲ್ಲಿ ದೊರೆತ ಅಕ್ಕಿಯು ದಕ್ಷಿಣದ್ದೇ ಆಗಿದ್ದರೂ, ಅದನ್ನು ಕೊಂಡ ಗ್ರೀಕನಿಗೆ ಅದರ ಹೆಸರು ಅಜ್ಜನ ಕಾಲದಿಂದಲೇ ಗೊತ್ತಿತ್ತು.

ಈ ನಿರ್ಣಯದಿಂದ ಇನ್ನೊಂದು ಪಕ್ಷದವರು ಸಂತೋಷಪಡಲು ಅವಕಾಶವಿದೆಯೆಂದು ತೋರಬಹುದು. ಅರಿಸಿಯಲ್ಲದಿದ್ದರೆ ವ್ರೀಹಿ, ಎಂದರೆ ಸಂಸ್ಕೃತವೇ ಗೆದ್ದಿತಲ್ಲ ಎಂದು ಅವರು ಹೇಳಬಹುದು. ಆದರೆ ಆ ವಿಜಯವೂ ಕ್ಷಣಿಕ. ವ್ರೀಹಿಯೆಂಬುದು ಋಗ್ವೇದದಲ್ಲಿ ಇಲ್ಲ. ಅಥರ್ವವೇದದಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಇಂಡೋ ಯುರೋಪಿಯನ್ ಮೂಲದಿಂದ ಅದನ್ನು ತೃಪ್ತಿಕರವಾಗಿ ಸಾಧಿಸಲು ಯಾರಿಗೂ ಸಾಧ್ಯವಾಗಿಲ್ಲ. ವೇದಕಾಲದ ಜನರು ಪೂರ್ವಕ್ಕೆ ಸರಿದು ಭತ್ತದ ನಾಡನ್ನು ಸೇರಿದಾಗ, ಅಲ್ಲಿ ಮೊದಲೇ ಅದನ್ನು ಬೆಳೆಯುತ್ತಿದ್ದವರ ಮಾತಿನಿಂದ ಆ ಹೆಸರನ್ನು ಪಡೆದಿರಬೇಕೆಂದು ಅನೇಕರು ಭಾವಿಸುತ್ತಾರೆ. ತೆಲುಗಿನಲ್ಲಿ ಭತ್ತಕ್ಕೆ ವರಿ ಎಂದೂ ಗೋಂಡಿಯಲ್ಲಿ ವಂಜಿ ಎಂದೂ ಹೆಸರಿರುವುದನ್ನು ಗಮನಿಸಿ, ಮಧ್ಯಭಾರತದ ಒಂದು ದ್ರಾವಿಡ ಶಬ್ದಕ್ಕೂ ವ್ರೀಹಿಗೂ ಸಂಬಂಧವನ್ನು ಸೂಚಿಸಿದವರೂ ಉಂಟು. ಇದು ನಿಜವಾದರೂ ಆ ಶಬ್ದವು ಅರಿಸಿಯಲ್ಲ, ಅಕ್ಕಿಯೂ ಅಲ್ಲ. ಶಾಸ್ತ್ರಕಾರರಿಗಿಂತ ಮೊದಲು ಗದ್ದೆಯಲ್ಲಿ ಬಾಗಿ ನಿಂತವರು ಆ ಹೆಸರನ್ನಿಟ್ಟರೆಂಬುದಷ್ಟೇ ಸದ್ಯಕ್ಕೆ ನಿಶ್ಚಯ.

ಹಾಗಾದರೆ ಅಕ್ಕಿಗೆ ಉಳಿದುದೇನು? ಯುರೋಪಿನ ಮಗುವನ್ನು ಕಳೆದುಕೊಂಡ ಅಕ್ಕಿಯು ಬಡವಾಯಿತೆಂದು ನಾವು ಎಣಿಸುವುದಿಲ್ಲ. ತಿರುಮಕೂಡಲಿನ ಸಂಗಮದ ಬಳಿ ಎಂ. ಶೇಷಾದ್ರಿಯವರ ನೇತೃತ್ವದಲ್ಲಿ 1959ರಿಂದ ಕೆಲವು ಋತುಗಳಲ್ಲಿ ನಡೆದ ಉತ್ಖನನದ ವರದಿ 1971ರಲ್ಲಿ ಪ್ರಕಟವಾಯಿತು. ನವಶಿಲಾಯುಗದಿಂದಲೇ ಈ ನದೀತೀರದಲ್ಲಿ ಜನವಸತಿಯಿತ್ತೆಂಬುದು ಅದರಿಂದ ಸಿದ್ಧವಾಗಿದೆ. ಕರ್ನಾಟಕದ ನವಶಿಲಾಯುಗದ ನೆಲೆಗಳಲ್ಲಿ ಈಚಿನ ದಶಕಗಳಲ್ಲಿ ಕೈಗೊಂಡ ಸಸ್ಯಾವಶೇಷಗಳ ಪರೀಕ್ಷೆಯಿಂದ, ಆ ಕಾಲದ ಜನರ ಮುಖ್ಯ ಆಹಾರವು ಕೊರಲೆಯಂತಹ ಕಿರುಧಾನ್ಯಗಳೂ ಹುರುಳಿ ಹೆಸರುಗಳೂ ಆಗಿದ್ದುವೆಂದೂ, ಭತ್ತವು ಅನಂತರ ಬಂದುದೆಂದೂ ತಿಳಿದುಬಂದಿದೆ. ಸಾಮೆಯಕ್ಕಿ ನವಣೆಯಕ್ಕಿಗಳೆಂಬ ಮಾತುಗಳನ್ನು ಇದರೊಡನೆ ಸೇರಿಸಿ ಆಲೋಚಿಸಿದರೆ, ಅಕ್ಕಿಯೆಂಬ ಶಬ್ದವು ಈ ನೆಲದಲ್ಲಿ ಭತ್ತಕ್ಕಿಂತ ಹಳೆಯದಾಗಿರಬಹುದೆಂಬ ಊಹೆಗೆ ಎಡೆಯಾಗುತ್ತದೆ. ಇದು ಊಹೆಯೆಂದೇ ವಾಚಕರು ಸ್ವೀಕರಿಸಬೇಕು; ಒಂದು ಹೆಮ್ಮೆಯನ್ನು ಕಿತ್ತುಹಾಕಿ ಆ ಜಾಗದಲ್ಲಿ ಇನ್ನೊಂದನ್ನು ನೆಡುವುದು ನಮ್ಮ ಉದ್ದೇಶವಲ್ಲ. ಆದರೆ ಪರಿಶೀಲನೆಗೆ ಯೋಗ್ಯವಾದ ಪ್ರಶ್ನೆ ಇದು. ಭತ್ತ ಎಂಬ ನಮ್ಮ ಶಬ್ದದ ಕಥೆಯೂ ಹಾಗೆಯೇ. ಅದು ಸಂಸ್ಕೃತದ ಭಕ್ತದಿಂದ, ಎಂದರೆ ಬೆಂದ ಅನ್ನದ ಹೆಸರಿನಿಂದ, ಪ್ರಾಕೃತದ ಮೂಲಕ ಬಂದುದು. ಹಿಂದಿಯಲ್ಲಿ ಇಂದಿಗೂ ಭಾತ್ ಎಂದರೆ ಅನ್ನ; ನಮ್ಮ ಅಡಿಗೆಮನೆಯ ಬಿಸಿಬೇಳೆಬಾತಿನಲ್ಲಿಯೂ ಅದೇ ಅರ್ಥ. ಒಂದೇ ಶಬ್ದವು ಕನ್ನಡಿಗರ ಮನೆಯಲ್ಲಿ ಒಂದು ಕಡೆ ಗದ್ದೆಗೂ ಇನ್ನೊಂದು ಕಡೆ ಎಲೆಗೂ ಹೇಗೆ ಸೇರಿತು, ನೆಲ್ಲು ಎಂಬ ದೇಶ್ಯ ಶಬ್ದವು ಈ ಸೀಮೆಯಲ್ಲಿ ಯಾವಾಗ ಹಿಂದೆ ಸರಿಯಿತು ಎಂಬುದನ್ನು ಶಾಸನಗಳಲ್ಲಿ ಹುಡುಕಬಹುದು. ಖಂಡುಗ ಕೊಳಗಗಳ ಲೆಕ್ಕದಲ್ಲಿ ಗದ್ದೆಯನ್ನೂ ದೇವರ ನೈವೇದ್ಯಕ್ಕೆ ಅಕ್ಕಿಯನ್ನೂ ಬಿಟ್ಟುಕೊಟ್ಟ ದಾನಶಾಸನಗಳು ನಮ್ಮ ಕಾಲಬುಡದಲ್ಲಿಯೇ ಇವೆ. ಅವುಗಳನ್ನು ಬಿಟ್ಟು ಆಥೆನ್ಸಿನಲ್ಲಿ ನಮ್ಮ ನೆಂಟರನ್ನು ಹುಡುಕಿದುದೇ ನಮ್ಮ ದೊಡ್ಡ ನಷ್ಟ.

ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಪದನಿಷ್ಪತ್ತಿಯನ್ನು ಹುಡುಕುವವನ ಸಂಕಟವೂ ಅದೇ: ಸ್ವಭಾಷೆಯ ಕೀರ್ತಿಯ ಮೇಲೆ ಆಸೆ, ಸತ್ಯದ ಮೇಲೆ ಪ್ರೀತಿ. ಎರಡೂ ಒಟ್ಟಿಗೆ ದೊರೆಯದಾಗ ಯಾವುದನ್ನು ಬಿಡಬೇಕೆಂಬುದರಲ್ಲಿ ಅಧ್ಯಾಪಕನಿಗೆ ಆಯ್ಕೆಯಿಲ್ಲ. ಮುಂದಿನ ವರ್ಷ ತರಗತಿಯಲ್ಲಿ ಈ ಪಾಠ ಬಂದಾಗ ಈ ಲೇಖಕನು ಹಳೆಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿದ್ದಾನೆ. ಇದೇ ಪಾಠವನ್ನು ಹೇಳುತ್ತಿರುವ ಸಹೋದ್ಯೋಗಿಗಳೂ ಮೇಲಿನ ಸಾಕ್ಷ್ಯಗಳನ್ನು ತೂಗಿನೋಡಿ, ತಪ್ಪಿದ್ದರೆ ತಿದ್ದಬೇಕೆಂದು ಪ್ರಾರ್ಥಿಸುತ್ತಾನೆ.